ರಿಮೋಟಿಗೊಂದು ಲಂಗ

ರಿಮೋಟಿಗೆ ಲಂಗ, ಅದೂ ನಿರಿಗೆಯ ಲಂಗ, ಸೊಂಟಕ್ಕೆ ಎಲಾಸ್ಟಿಕ್ಕು, ಕೆಳಗೆ ಕೆಂಪು ಅಂಚು, ಮುಂದೆ ಕೋಟಿಗೆ ಹಾಕುವಷ್ಟು ದೊಡ್ಡ ಗುಂಡಿ — ಸೋಫಾದ ತೋಳಿನ ಮೇಲೆ ಮೈಚಾಚಿ ಮಲಗಿದ್ದ ಅದನ್ನು ಅವನು ಸತ್ತ ಇಲಿಯನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿದ, ಲಂಗ ಕಳಚಿ ಚೀಲದೊಳಗೆ ಬಿಟ್ಟ, ರಿಮೋಟು ಎಷ್ಟೋ ದಿನದ ಮೇಲೆ ಗಾಳಿ ಕಂಡಿತು, ಪಾಪ, ಅದಕ್ಕಾದರೂ ಮಾನ ಬಂತು, ಲೋಕದಲ್ಲೆಲ್ಲ ಬಟ್ಟೆ ತೊಟ್ಟರೆ ಮಾನ ಬರುತ್ತದೆ, ಈ ಮನೆಯಲ್ಲಿ ಮಾತ್ರ ತೊಟ್ಟರೆ ಹೋಗುತ್ತದೆ. ಕುರ್ಚಿಯ ಕಾಲಿಗೆ ಕಾಲುಚೀಲ, ಕೆಟಲಿಗೆ ಟೋಪಿ, ಟಿಶ್ಯೂ ಡಬ್ಬಕ್ಕೆ ಕುಪ್ಪಸ, ಬಾಗಿಲ ಹಿಡಿಗೆ ಮುಸುಕು, ಇನ್ನು ಇವಳ ಕೈಗೆ ಸಿಗದೆ ಉಳಿದಿರುವುದು ನಾನೊಬ್ಬ, ನನಗೂ ಯಾವತ್ತು ಅಳತೆ ತೆಗೆಯುತ್ತಾಳೋ ಎಂದುಕೊಂಡ, ಚೀಲದ ಬಾಯಿ ಇನ್ನಷ್ಟು ಅಗಲಿಸಿದ — ನಾಳೆ ಸಂಜೆಯೊಳಗೆ ಈ ಮನೆ ಮನೆಯ ಹಾಗೆ ಕಾಣಬೇಕು, ನಾಳೆ ಸಂಜೆ ಕಾರ್ಖಾನೆಯವರು ಬರುತ್ತಾರೆ, ಮ್ಯಾನೇಜರು, ಸೂಪರ್‌ವೈಸರು, ಕತ್ತರಿಸುವ ವಿಭಾಗದ ಬೋಳುತಲೆ ಮಾಸ್ತರು, ರಿಟೈರಾದ ಮೇಲೆ ಇದೇ ಮೊದಲ ಸಲ ಅವರಾಗಿಯೇ ಫೋನು ಮಾಡಿ, ಸಾರ್ ನಿಮ್ಮನ್ನ ನೋಡಿ ತುಂಬಾ ದಿನ ಆಯ್ತು, ಮನೇಗೇ ಬಂದುಬಿಡ್ತೀವಿ ಅಂದರು, ಬರಲಿ, ಆದರೆ ಬಟ್ಟೆ ಕಾರ್ಖಾನೆಯವನು ಯಾರ ಮನೆಗೆ ಹೋದರೂ ಮನುಷ್ಯರ ಮುಖ ನೋಡುವ ಮೊದಲು ಹೊಲಿಗೆ ನೋಡುತ್ತಾನೆ, ಅದು ಚಟ, ಪರದೆಯ ಅಂಚು ತಿರುಗಿಸಿ ನೋಡುತ್ತಾನೆ, ದಿಂಬಿನ ಮೂಲೆ ಹಿಡಿದು ನೋಡುತ್ತಾನೆ, ಇಲ್ಲಿ ಬಂದು ಈ ಲಂಗ ನೋಡಿದರೆ ಮುಗಿಯಿತು, ಇಡೀ ಕಾರ್ಖಾನೆಯನ್ನು ಗಡಗಡ ನಡುಗಿಸಿದ ಬಾಣದ ಸಾಹೇಬರ ಸ್ವಂತ ಮನೆಯಲ್ಲಿ ಇಂಥ ಹೊಲಿಗೆಯಂತೆ ಎಂದು ಮೆಟ್ಟಿಲು ಇಳಿಯುವಾಗಲೇ ಶುರು ಮಾಡುತ್ತಾರೆ. ಹೆಂಡತಿ ಬೆಳಿಗ್ಗೆಯೇ ಹೊರಟಿದ್ದಾಳೆ, ಮಗಳು ಕಾರು ತಂದಿದ್ದಳು, ರೀ ಮಗಳ ಜೊತೆ ಹೋಗಿ ಬರ್ತೀನಿ, ಸ್ವಲ್ಪ ಕೆಲಸ ಇದೆ ಅಂದಳು, ಏನು ಕೆಲಸ ಅಂತ ನನಗೆ ಗೊತ್ತಿಲ್ಲವೇ, ಲೇಸಿನ ಅಂಗಡಿ, ಗುಂಡಿ ಅಂಗಡಿ, ಇನ್ನೂ ಯಾವುದಕ್ಕೋ ಲಂಗ ಬಾಕಿ ಇದೆ. ಹಳೇ ಬಟ್ಟೆ ಒಯ್ಯುವ ಗಾಡಿ ತಿಂಗಳಿಗೊಮ್ಮೆ ಈ ಬೀದಿಗೆ ಬರುತ್ತದೆ, ಇವತ್ತು ಬರುವ ದಿನ, ಅದರ ಹಾರ್ನು ಕೇಳಿಸುವುದರೊಳಗೆ ಚೀಲ ತುಂಬಬೇಕು.

ಎಷ್ಟು ವರ್ಷ ಕಾರ್ಖಾನೆಯ ಆ ತಪಾಸಣೆಯ ಮೇಜಿನ ಮುಂದೆ ನಿಂತಿದ್ದ, ತಲೆಯ ಮೇಲೆ ಟ್ಯೂಬ್‌ಲೈಟು, ಎಡಗಡೆ ಅಂಗಿಗಳ ರಾಶಿ, ಬಲಗಡೆ ಅಂಗಿಗಳ ರಾಶಿ, ಕಿಸೆಯಲ್ಲಿ ಕೆಂಪು ಬಾಣಗಳ ಸುರುಳಿ, ಉಗುರಿನಷ್ಟು ಪುಟ್ಟ ಬಾಣ, ಹಿಂದೆ ಅಂಟು, ಹೊಲಿಗೆ ಎಲ್ಲಿ ತಪ್ಪಿದೆಯೋ ಅಲ್ಲಿಗೆ ತುದಿ ಮಾಡಿ ಅಂಟಿಸಿದರೆ ಆಯಿತು, ಮಾತಿಲ್ಲ ಕತೆಯಿಲ್ಲ, ಅಂಗಿ ವಾಪಸು, ಹೊಲಿದವಳು ಬಿಚ್ಚಿ ಮತ್ತೆ ಹೊಲಿಯಬೇಕು, ಬಾಣದ ಸಾಹೇಬ್ರು ಬಂದ್ರು ಕಣೇ ಎಂದು ಯಂತ್ರಗಳ ಸಾಲಿನಲ್ಲಿ ಪಿಸುಪಿಸು ಓಡುತ್ತಿದ್ದದ್ದು ಅವನ ಕಿವಿಗೆ ಬೀಳುತ್ತಿತ್ತು, ಬೀಳಲಿ ಎಂದೇ ಅವನು ಶಬ್ದ ಮಾಡದ ಚಪ್ಪಲಿ ಹಾಕುತ್ತಿದ್ದ, ಅತ್ತವರಿಗೇನು ಕಡಿಮೆಯೇ, ಅಳಲಿ, ಕಣ್ಣೀರಿನಿಂದ ಹೊಲಿಗೆ ನೆಟ್ಟಗಾಗುವುದಿಲ್ಲ. ಸುರುಳಿಯಲ್ಲಿ ಉಳಿದದ್ದನ್ನು ರಿಟೈರಾಗುವಾಗ ಮನೆಗೆ ತಂದಿದ್ದ, ಸುಮ್ಮನೆ, ನೆನಪಿಗೆ, ಅವಳ ಈ ಹುಚ್ಚು ಶುರುವಾದ ಮೇಲೆ ಅವು ಉಪಯೋಗಕ್ಕೆ ಬಂದವು, ಪಾತ್ರೆ ಹಿಡಿಯುವ ಬಟ್ಟೆಗೆ ಎರಡು, ದಿಂಬಿನ ಚೀಲಕ್ಕೆ ನಾಲ್ಕು, ಆ ಹೊಟ್ಟೆ ಉಬ್ಬಿದ ಬಟ್ಟೆಯ ಹಕ್ಕಿಗೆ ಅಂಟಿಸಲು ಜಾಗವೇ ಸಾಲಲಿಲ್ಲ, ಅವಳು ಬಂದು ಹಕ್ಕಿಯನ್ನು ಸವರಿ, ಇದೇನ್ರೀ ನುಣ್ಣಗೆ ಏನೋ ಅಂಟಿದೆ ಅಂದಳು, ನಿನ್ನ ಹಕ್ಕಿಗೆ ಪುಕ್ಕ ಬಂದಿದೆ ಅಂದ, ಅವಳು ನಕ್ಕಳು, ಒಂದನ್ನೂ ಕೀಳಲಿಲ್ಲ, ನಾಚಿಕೆಯಾದರೂ ಆಗಬಾರದೇ ಮನುಷ್ಯಳಿಗೆ. ಮದುವೆಯಾದ ಹೊಸದರಲ್ಲಿ ಒಂದು ಅಂಗಿ ಹೊಲಿದಿದ್ದಳು ಅವನಿಗೆ, ತಿಳಿ ನೀಲಿ, ಕಾಲರು ಒಂದು ನೂಲಿನಷ್ಟು ಎಡಕ್ಕೆ, ಒಂದೇ ನೂಲು, ಅವನು ತೊಟ್ಟುಕೊಂಡ, ಕನ್ನಡಿ ನೋಡಿದ, ಕಿಸೆಯಿಂದ ಬಾಣ ತೆಗೆದು ಕಾಲರಿಗೆ ಅಂಟಿಸಿ ಅವಳ ಕಡೆ ತಿರುಗಿದ, ತಮಾಷೆಗೆ, ಆಗಲೂ ನಕ್ಕಳು, ಆಮೇಲೆ ಸೂಜಿಯನ್ನು ಡಬ್ಬಕ್ಕೆ ಹಾಕಿದವಳು ಮಗಳು ದೊಡ್ಡವಳಾಗಿ ಮದುವೆಯಾಗಿ ಹೋಗುವವರೆಗೂ ತೆಗೆಯಲಿಲ್ಲ, ಮಗಳೂ ಅಷ್ಟೇ, ಶಾಲೆಯಲ್ಲಿ ಕರ್ಚೀಫಿಗೆ ಹೂವು ಹಾಕಿ ತಂದಾಗ ಒಂದೇ ಒಂದು ಬಾಣ, ಮುಖ ಊದಿಸಿಕೊಂಡು ಹೋದವಳು ಇವತ್ತಿಗೂ ಗುಂಡಿ ಬಿದ್ದರೆ ಅಂಗಿಯನ್ನೇ ಬಿಸಾಕುತ್ತಾಳೆ. ಚೀಲ ಕಾಲುಭಾಗ ತುಂಬಿತು.

ಇನ್ನು ಕುರ್ಚಿಗಳು, ಊಟದ ಮೇಜಿನ ಕುರ್ಚಿಗಳ ಬೆನ್ನಿಗೆಲ್ಲ ಒಂದೊಂದು ಬಟ್ಟೆಯ ಕವಚ, ಅವಳು ಕೂರುವ ಕುರ್ಚಿಗೆ ಮಾತ್ರ ಬೆನ್ನ ಮೇಲ್ತುದಿಯಲ್ಲಿ ಅಂಗೈಯಗಲದ ಒಂದು ಮರದ ಗುಂಡಿ, ಎಲ್ಲಿಂದ ಹುಡುಕಿ ತಂದಳೋ, ಆನೆಯ ಕೋಟಿಗೆ ಹಾಕಬೇಕಾದದ್ದು, ಅದನ್ನು ನೋಡಿದರೇ ಅವನ ಮೈ ಉರಿಯುತ್ತದೆ, ಗುಂಡಿಯ ತಪ್ಪಲ್ಲ, ಅವಳ ಹೆಬ್ಬೆರಳಿನದು — ಹಾಲ್‌ಗೆ ಬಂದಳೆಂದರೆ ಮೊದಲು ಆ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಸುತ್ತಲೂ ಸವರುತ್ತಾಳೆ, ಒಂದು ಸುತ್ತು, ಎರಡು ಸುತ್ತು, ಮುಖದಲ್ಲಿ ಏನೋ ನೆಮ್ಮದಿ, ಆಮೇಲೆ ಕೂರುತ್ತಾಳೆ, ತಾನು ಮಾಡಿದ್ದನ್ನು ತಾನೇ ಮುದ್ದಿಸುವುದು, ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದು, ಇಂಥ ಜಂಬ ಅವನು ಕಾರ್ಖಾನೆಯ ಒಳ್ಳೊಳ್ಳೆಯ ಟೈಲರುಗಳಲ್ಲೂ ಕಂಡಿರಲಿಲ್ಲ. ರಿಮೋಟಿನ ಲಂಗದ ಗುಂಡಿ ಸವರುತ್ತಾಳೆ, ಬಾಗಿಲ ಮುಸುಕಿನ ಗುಂಡಿ ಸವರುತ್ತಾಳೆ, ಸವರಿ ಸವರಿ ಗುಂಡಿಗಳಿಗೆ ಹೊಳಪು ಬಂದಿದೆ. ಅವನು ಆ ಕವಚವನ್ನು ಕುರ್ಚಿಯಿಂದ ಎಳೆದು ಬೆಳಕಿಗೆ ಹಿಡಿದ, ಹಳೆಯ ಅಭ್ಯಾಸ, ನೋಡು ಹೇಗಿದೆ, ಹೊಲಿಗೆ ಹೊರಟದ್ದು ನೆಟ್ಟಗೆ, ನಡುವೆ ಬಲಕ್ಕೆ ವಾಲಿತು, ಕೊನೆಗೆ ಬಟ್ಟೆಯನ್ನೇ ಬಿಟ್ಟು ಗಾಳಿಯಲ್ಲಿ ನಡೆದಿದೆ. ಕಿಸೆಯಿಂದ ಕನ್ನಡಕದ ಚೀಲ ತೆಗೆದ, ಅದೂ ಅವಳೇ ಹೊಲಿದದ್ದು, ಈ ಹುಚ್ಚಿನ ಮೊಟ್ಟಮೊದಲ ಮಾಲು, ಕಂದು ಬಣ್ಣ, ಒಳಗೆ ಅಸ್ತರು, ಮೇಲೆ ಪುಟ್ಟ ಗುಂಡಿ, ಅದಕ್ಕೆ ಮಾತ್ರ ಅವನು ಬಾಣ ಅಂಟಿಸಿರಲಿಲ್ಲ, ಹುಡುಕಿದ್ದ, ಸಿಕ್ಕಿರಲಿಲ್ಲ, ಆ ಮಾತನ್ನು ಅವಳಿಗೆ ಹೇಳಲು ಹೋಗಲಿಲ್ಲ ಅಷ್ಟೇ, ಹೊಗಳಿದರೆ ಟೈಲರುಗಳು ಕೆಡುತ್ತಾರೆ. ಅಲ್ಲಿಂದ ಇಲ್ಲಿಗೆ ನೋಡಿದರೆ ಏನನ್ನಬೇಕು, ಕಲಿಯುತ್ತ ಹೋದ ಹಾಗೆ ಯಾರದೇ ಕೈಯಾದರೂ ಪಳಗುತ್ತದೆ, ಇವಳದು ಹಿಂದುಹಿಂದಕ್ಕೆ ಹೋಗುತ್ತಿದೆ, ಮೊದಲನೆಯದು ಅಂಗಡಿಯ ಮಾಲಿನ ಹಾಗೆ, ಈ ವರ್ಷದ್ದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೊಲಿದ ಹಾಗೆ, ಅಸಡ್ಡೆ, ಬರೀ ಅಸಡ್ಡೆ, ಕವಚ ಚೀಲಕ್ಕೆ ಬಿತ್ತು, ಗುಂಡಿ ನೆಲಕ್ಕೆ ತಾಗಿ ಟಕ್ ಎಂದಿತು.

ಕಲಿಯುವುದಾದರೂ ಹೇಗೆ, ಫೋನಿನಿಂದ, ಅದರೊಳಗೆ ಒಬ್ಬಳು ಇದ್ದಾಳೆ, ಸಕ್ಕರೆಯಲ್ಲಿ ಅದ್ದಿ ತೆಗೆದ ದನಿ, ಇವತ್ತು ನಾವು ಮನೇಲೇ ಇರೋ ಹಳೇ ಬಟ್ಟೆಯಿಂದ ತುಂಬಾ ಸುಲಭವಾಗಿ, ತುಂಬಾ ಮುದ್ದಾಗಿ, ಆಪ್ತರಿಗೆ ಕೊಡೋಕೆ ಒಂದು ಉಡುಗೊರೆ ಮಾಡೋಣ ಬನ್ನಿ, ಬನ್ನಿಯಂತೆ ಬನ್ನಿ, ಇವಳು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೇಳುತ್ತಾಳೆ, ತೆರೆಯನ್ನು ನೋಡುವುದೇ ಇಲ್ಲ, ಅಲ್ಲ ಕಣೇ ಅವಳು ಕೈಯಲ್ಲಿ ತೋರಿಸ್ತಿರೋದನ್ನ ನೋಡದೆ ಅದೇನು ಕಲೀತೀಯ ಅಂದರೆ, ಕೇಳಿಸಿದ್ರೆ ಸಾಕು ರೀ, ಕೈಗೆ ಗೊತ್ತಾಗುತ್ತೆ ಅನ್ನುತ್ತಾಳೆ, ದೊಡ್ಡ ಪಂಡಿತೆ. ಸೂಜಿಗೆ ದಾರ ಪೋಣಿಸುವುದಕ್ಕೂ ಸೋಮಾರಿತನ, ಭಾನುವಾರ ಮಗಳು ಬಂದಾಗ ಅಮ್ಮ ಮಗಳು ಕೂತು ವಾರಕ್ಕಾಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಡುತ್ತಾರೆ, ಮೆತ್ತೆ ಮುಳ್ಳುಹಂದಿಯಾಗುತ್ತದೆ, ಅದಕ್ಕೂ ಒಂದು ಅಂಚು, ಒಂದು ಗುಂಡಿ. ಉಡುಗೊರೆ ಹಂಚುವುದೋ ಕೇಳಲೇಬೇಡಿ, ಅಳಿಯನಿಗೆ ಅಡುಗೆಯ ಏಪ್ರನ್ನು, ಅವನು ತೊಟ್ಟುಕೊಂಡು ಫೋಟೋ ಬೇರೆ ತೆಗೆಸಿಕೊಂಡ, ಬಡಪಾಯಿ, ಮೊಮ್ಮಗಳಿಗೆ ಜೊಲ್ಲುಬಟ್ಟೆ, ಎದುರು ಬಾಗಿಲಿನ ಟೀಚರಮ್ಮನಿಗೆ ಬಾಗಿಲಿಗೆ ನೇತು ಹಾಕುವ ಜೊಂಪೆ, ಬಟ್ಟೆಯ ಚೆಂಡುಗಳದು, ನಡುನಡುವೆ ಗೆಜ್ಜೆ, ಆಯಮ್ಮ ಅದನ್ನು ಇವತ್ತಿಗೂ ತೆಗೆದಿಲ್ಲ, ಯಾಕೆ ತೆಗೆದಿಲ್ಲ ಎಂದು ಒಮ್ಮೆ ಕೇಳಿಯೇ ಬಿಟ್ಟ, ಇರಲಿ ಬಿಡಿ, ನಿಮ್ಮ ಮನೆಯವರಿಗೆ ಅನುಕೂಲ ಅಂದರು, ಅನುಕೂಲವಂತೆ, ಆಯಮ್ಮನ ಬಾಗಿಲಿನ ಜೊಂಪೆಯಿಂದ ನಮ್ಮ ಮನೆಯವಳಿಗೇನು ಅನುಕೂಲ, ಮುಲಾಜಿಗೆ ಜನ ಏನೇನೋ ಮಾತಾಡುತ್ತಾರೆ. ಆ ಜೊಂಪೆ ಕೊಟ್ಟದ್ದು ಯಾವಾಗ, ಅವಳು ಒಂದು ಮಹಡಿ ಕೆಳಗಿನ ಮನೆಗೆ ನುಗ್ಗಿ ಸೀದಾ ಅವರ ಸೋಫಾದ ಮೇಲೆ ಕೂತಿದ್ದಳಲ್ಲ, ಅದಾದ ಮಾರನೆಯ ವಾರ, ಎಲ್ಲ ಬಾಗಿಲೂ ಒಂದೇ ಥರ ಇದೆಯಲ್ರೀ ಅಂದಳು, ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ಸಿಕ್ಕವರಿಗೆಲ್ಲ ಹೇಳಿ ನಗಿಸಿದ್ದ.

ಅಡುಗೆಮನೆ ಒಂದು ಮೆಟ್ಟಿಲು ಕೆಳಗಿದೆ, ಹಳೇ ಕಟ್ಟಡ, ಆ ಮೆಟ್ಟಿಲಿನ ಅಂಚಿಗೆ ಮಲಗಿದೆ ಅವಳ ಮಹಾಕೃತಿ, ಮರಳು ತುಂಬಿದ ಬಟ್ಟೆಯ ಹಾವು, ಕೆಂಪು ಹಳದಿ ಪಟ್ಟೆ, ಯಾರ ಮನೆಯಲ್ಲಾದರೂ ಗಾಳಿ ಬಾರದ ಹಾಗೆ ಬಾಗಿಲ ಸಂದಿಗೆ ಇಡುತ್ತಾರೆ, ಇವಳು ಬಾಗಿಲೇ ಇಲ್ಲದ ಮೆಟ್ಟಿಲಿಗೆ ಇಟ್ಟಿದ್ದಾಳೆ, ಅವನು ಎರಡು ಸಲ ಎಡವಿದ್ದಾನೆ, ಎತ್ತಿಡೇ ಇದನ್ನ ಅಂದರೆ, ನಿಮಗೆ ಬೇಕಾದರೆ ದಾಟಿಕೊಂಡು ಹೋಗಿ ಅಂತಾಳೆ, ಕಾಲಿನ ತುದಿಯಲ್ಲಿ ಅದನ್ನೊಮ್ಮೆ ಮುಟ್ಟದೆ ಕೆಳಗಿಳಿಯುವುದಿಲ್ಲ, ಕಾಲಿನಿಂದಲೂ ಮುದ್ದು. ಹಾವು ಚೀಲಕ್ಕೆ ಹೋಯಿತು, ಭಾರ ಕೂತಿತು. ಡಬ್ಬಗಳ ಮುಚ್ಚಳಕ್ಕೆಲ್ಲ ಟೋಪಿ, ಉಪ್ಪಿನದಕ್ಕೆ ಒಂದು ಗುಂಡಿ, ಸಕ್ಕರೆಯದಕ್ಕೆ ಎರಡು, ಟೀಪುಡಿಯದಕ್ಕೆ ಮೂರು, ಒಂದೇ ಲಾಟಿನ ಮಾಲಿನಲ್ಲಿ ಗುಂಡಿಯ ಲೆಕ್ಕ ಬೇರೆ ಬೇರೆ, ಇದನ್ನು ಕಾರ್ಖಾನೆಯಲ್ಲಿ ಮಾಡಿದ್ದರೆ ಇಡೀ ಲಾಟು ವಾಪಸು, ಟೋಪಿಗಳನ್ನು ಒಂದೊಂದಾಗಿ ಕಿತ್ತು ಹಾಕಿದ, ಡಬ್ಬಗಳನ್ನು ಒರೆಸಿ ಚೆಂದವಾಗಿ, ಎತ್ತರಕ್ಕೆ ತಕ್ಕ ಹಾಗೆ ಸಾಲಾಗಿ ಜೋಡಿಸಿದ, ಹೀಗಿರಬೇಕು ಅಡುಗೆಮನೆ, ಇವಳಿಗೆ ಇದೆಲ್ಲ ಎಲ್ಲಿ, ಮೊನ್ನೆ ಟೀ ಸುರಿಯುವಾಗ ಲೋಟದೊಳಕ್ಕೆ ಬೆರಳು ಬಿಟ್ಟಿದ್ದಳು, ಥೂ ಏನೇ ಅದು ಅಂದರೆ, ಬಿಸಿ ಇದೆಯಾ ನೋಡಿದೆ ಅಂದಳು, ಅವನು ಆ ಟೀ ಕುಡಿಯಲಿಲ್ಲ. ಕೊನೆಯದು ಆ ಸರ, ಋತು ಬದಲಾದ ಹಾಗೆ ಬದಲಾಗುವ ಸರ, ಚಳಿಗಾಲದಲ್ಲಿ ಹತ್ತಿ ತುಂಬಿದ ಕೆಂಪು ಹಕ್ಕಿಗಳು, ಬೇಸಿಗೆಯಲ್ಲಿ ಹಳದಿ ಎಲೆಗಳು, ಮಳೆಗಾಲದಲ್ಲಿ ಪುಟಾಣಿ ಕೊಡೆಗಳು, ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ಗೋಡೆಯುದ್ದಕ್ಕೂ, ಅಲಂಕಾರವನ್ನು ಎಲ್ಲರೂ ಕಣ್ಣಿಗೆ ಕಾಣುವ ಎತ್ತರಕ್ಕೆ ಕಟ್ಟುತ್ತಾರೆ, ಇವಳು ಸೊಂಟದ ಎತ್ತರಕ್ಕೆ ಕಟ್ಟಿದ್ದಾಳೆ, ಎಮ್ಮೆ ಕಟ್ಟುವ ಹಗ್ಗದ ಹಾಗೆ ಬಿಗಿಯಾಗಿ, ಮೊಳೆ ಹೊಡೆದು, ಅಷ್ಟೂ ಮೊಳೆ ಕೀಳುವ ಹೊತ್ತಿಗೆ ಅವನ ಸೊಂಟ ಹಿಡಿಯಿತು, ಕೆಳಗೆ ಹಾರ್ನು ಕೇಳಿಸಿತು, ಬಂತು, ಚೀಲದ ಬಾಯಿ ಗಂಟು ಹಾಕಿ ಹೆಗಲಿಗೇರಿಸಿಕೊಂಡು ಇಳಿದ, ಗಾಡಿಯವನು ಎತ್ತಿ ನೋಡಿ, ಏನ್ ಸಾರ್ ಕಲ್ಲು ತುಂಬಿದ್ದೀರಾ ಅಂದ, ಗುಂಡಿ ಕಣಯ್ಯಾ ಗುಂಡಿ ಅಂದ ಇವನು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಿದ, ಮೇಲೆ ಬಂದು ಸೋಫಾದ ಮೇಲೆ ಕಾಲು ಚಾಚಿ ಕೂತ.

ಆಹಾ, ಎಷ್ಟು ನೇರ ಎಲ್ಲವೂ, ಮೇಜು ಮೇಜಿನ ಹಾಗೆ, ಕುರ್ಚಿ ಕುರ್ಚಿಯ ಹಾಗೆ, ಗೋಡೆ ಗೋಡೆಯ ಹಾಗೆ, ಬರಲಿ ನಾಳೆ ಬೋಳುತಲೆ ಮಾಸ್ತರು, ಎಲ್ಲಿ ಬೇಕಾದರೂ ಕಣ್ಣಾಡಿಸಲಿ, ಮೊದಲು ಅವಳು ಬಂದು ಕೂಗಾಡುತ್ತಾಳೆ, ಕೂಗಾಡಲಿ, ಒಂದು ದಿನ ಮುಖ ಊದಿಸಿಕೊಂಡಿರುತ್ತಾಳೆ, ಇರಲಿ, ಕಾರಿನ ಬಾಗಿಲು ಹಾಕಿದ ಸದ್ದು, ಮೆಟ್ಟಿಲ ಮೇಲೆ ಹೆಜ್ಜೆ, ನಿಧಾನ, ಯಾಕಿಷ್ಟು ನಿಧಾನ, ಹೊರಗೆ ಟೀಚರಮ್ಮನ ಜೊಂಪೆಯ ಗೆಜ್ಜೆ ಅಲ್ಲಾಡಿದ ಸದ್ದು, ಆಮೇಲೆ ಬೀಗದ ಕೈ. ಮಗಳು ಮುಂದೆ, ಅವಳು ಹಿಂದೆ, ಮಗಳ ಮೊಣಕೈ ಹಿಡಿದುಕೊಂಡಿದ್ದಾಳೆ, ಕೈಯಲ್ಲಿ ಲೇಸಿನ ಅಂಗಡಿಯ ಚೀಲ ಇಲ್ಲ, ಮುಖದ ಮೇಲೆ ಯಾವುದೋ ಕಪ್ಪು ಕನ್ನಡಕ, ಕೆನ್ನೆಗೆ ಔಷಧಿ ಇಳಿದು ಒಣಗಿದ ಗೆರೆ, ಒಳಗೆ ಬಂದವಳೇ ಮೊಣಕೈ ಬಿಟ್ಟಳು, ತನ್ನ ಮನೆಯಲ್ಲವೇ, ಬಲಗೈ ಚಾಚಿ ಬಾಗಿಲ ಹಿಡಿಯನ್ನು ಮುಟ್ಟಿದಳು, ಕೈ ಅಲ್ಲೇ ನಿಂತಿತು, ರೀ ಇದ್ದೀರಾ ಅಂದಳು, ಪರದೆಯ ಕಡೆ ಮುಖ ಮಾಡಿ, ಅವನು ಕೂತಿದ್ದದ್ದು ಸೋಫಾದಲ್ಲಿ. ಮಗಳು ಗೋಡೆ ನೋಡಿದಳು, ಮೇಜು ನೋಡಿದಳು, ಅಪ್ಪ ಇಲ್ಲಿದ್ದುದೆಲ್ಲ ಎಲ್ಲಿ ಅಂದಳು, ಕೊಟ್ಟೆ ಅಂದ, ಯಾರಿಗೆ, ಗಾಡಿಯವನಿಗೆ, ನಾಳೆ ಜನ ಬರ್ತಾರೆ, ಮನೆ ಅಂದ ಮೇಲೆ ಮನೆ ಥರ ಇರಬೇಡ್ವಾ — ಮಗಳು ದನಿ ಏರಿಸಲಿಲ್ಲ, ಏರಿಸಿದ್ದರೆ ಅವನಿಗೆ ಉತ್ತರ ಇತ್ತು, ಅಪ್ಪಾ, ಅಮ್ಮ ಅದನ್ನೆಲ್ಲ ಮುಟ್ಕೊಂಡೇ ಓಡಾಡ್ತಿದ್ದಿದ್ದು ಅಂದಳು, ಕಣ್ಣು ಹೋಗ್ತಾ ಇದೆ, ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವೇ ಹೋಗ್ತಾ ಬಂತು, ಇನ್ನು ವಾಪಸು ಬರಲ್ಲ ಅಂತ ಡಾಕ್ಟರು ಇವತ್ತು ಹೇಳಿಬಿಟ್ರು, ಪೂರ್ತಿ ಹೋಗೋದರೊಳಗೆ ಮನೇಲಿ ಎಲ್ಲದಕ್ಕೂ ಒಂದೊಂದು ಗುರುತು ಮಾಡ್ಕೋಬೇಕು ಅಂತ ಹೊಲೀತಿದ್ಲು, ಈಗ ಮತ್ತೆ ಹೊಲಿಯೋಕೆ ಅವಳಿಗೆ ಆಗಲ್ಲ ಅಪ್ಪ.

ನನಗೆ ಯಾಕೆ ಹೇಳಲಿಲ್ಲ, ಇದು ಅವನ ಬಾಯಿಂದ ಬಂತು, ಜೋರಾಗಿಯೇ ಬಂತು, ಅದಕ್ಕೆ ಅವಳು ನಕ್ಕಳು, ಅದೇ ಹಳೇ ನಗು, ಕಾಲರಿನ ನಗು, ಹೇಳಿದ್ರೆ ನನಗೂ ಒಂದು ಬಾಣ ಅಂಟಿಸ್ತಿದ್ರಿ ಅಂದಳು. ತಮಾಷೆಗೆ ಅಂದಳು, ತಮಾಷೆಗೇ ಅಂದಿರಬೇಕು, ಆದರೂ ತಪ್ಪು ಅವಳದೇ, ಹೇಳಬೇಕಿತ್ತು, ಗಂಡನಿಗೆ ಹೇಳದೆ ಇಟ್ಟುಕೊಂಡದ್ದು ತಪ್ಪು, ಅಲ್ಲಿಗೊಂದು ಬಾಣ, ಮಗಳದೂ ತಪ್ಪು, ಭಾನುವಾರ ಭಾನುವಾರ ಸೂಜಿ ಪೋಣಿಸಿಕೊಟ್ಟು ಬಾಯಿ ಬಿಡದೆ ಕೂತಳಲ್ಲ, ಅಲ್ಲಿಗೊಂದು, ಟೀಚರಮ್ಮನಿಗೊಂದು, ಅನುಕೂಲ ಅನ್ನುವ ಬದಲು ಬಿಡಿಸಿ ಹೇಳಿದ್ದರೆ ಗಂಟೇನು ಹೋಗುತ್ತಿತ್ತು, ಒಂದೂ ಅಂಟುತ್ತಿಲ್ಲ, ಯಾರ ಮೇಲಿಟ್ಟರೂ ಉದುರುತ್ತದೆ — ನೂಲಿನಷ್ಟು ತಪ್ಪಿದರೂ ಮೂರು ಮಾರು ದೂರದಿಂದ ಹಿಡಿಯುತ್ತಿದ್ದೆನಲ್ಲ, ಕೈಯಲ್ಲಿ ಹಿಡಿದು ಬೆಳಕಿಗೊಡ್ಡಿ ನೋಡಿದೆನಲ್ಲ, ಬಲಕ್ಕೆ ವಾಲಿದ್ದು ನೋಡಿದೆ, ಗಾಳಿಯಲ್ಲಿ ನಡೆದದ್ದು ನೋಡಿದೆ, ಹೊಲಿಗೆ ನೋಡಿದೆ ಕಣೇ, ಎಲ್ಲ ನೋಡಿದೆ. ಗಾಡಿ ಎಲ್ಲಿಗೆ ಹೋಗಿರುತ್ತದೆ, ಯಾವ ಬೀದಿ, ಓಡಿದರೆ ಸಿಗುತ್ತದೆಯೇ, ಕಿಸೆಯಲ್ಲಿ ಅವನ ಬೆರಳು ಕನ್ನಡಕದ ಚೀಲದ ಪುಟ್ಟ ಗುಂಡಿಯನ್ನು ಸವರುತ್ತಿದೆ, ಯಾವಾಗಿನಿಂದ ಸವರುತ್ತಿದೆಯೋ, ಇರಲಿ ಬಿಡಿ ರೀ, ಟೀ ಮಾಡ್ತೀನಿ, ಕುಡೀತೀರಲ್ಲ, ಎಂದು ಅವಳು ಒಳಗೆ ಹೊರಟಳು, ಟೀ ಬೇಡ, ನಿಲ್ಲು, ಮೆಟ್ಟಿಲಿದೆ, ಹಾವಿಲ್ಲ, ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದೇನೆ, ಉಪ್ಪು ಯಾವುದೋ ಸಕ್ಕರೆ ಯಾವುದೋ, ಇಷ್ಟನ್ನೂ ಹೇಳುವುದರೊಳಗೆ ಅವಳು ಕೈ ಮುಂದೆ ಮಾಡಿಕೊಂಡು ಹೆಜ್ಜೆಯಿಟ್ಟಳು, ಒಂದು ಕುರ್ಚಿ ಸಿಕ್ಕಿತು, ಅದರ ಬೆನ್ನ ಮೇಲ್ತುದಿಗೆ ಕೈ ಹೋಯಿತು, ಬರಿ ಮರ, ನಿಂತಳು, ಹೆಬ್ಬೆರಳು ಆ ಮರದ ಮೇಲೆ, ಗುಂಡಿ ಇದ್ದ ಜಾಗದಲ್ಲಿ, ಒಂದು ಸುತ್ತು ಸವರಿತು, ಇನ್ನೊಂದು ಸುತ್ತು, ಸ್ವಲ್ಪ ಆಚೆ ಸರಿದು ಇನ್ನೊಂದು ಸುತ್ತು, ಹೆಬ್ಬೆರಳು, ಆ ಹೆಬ್ಬೆರಳು.